ಇಳಿಜಾರು ಹಲಗೆಯ ಮೇಲಿನ ಎಣ್ಣೆ

ಲೋಕಣ್ಣ, ಆ ಕುದುರೆ ಬಿದ್ದದ್ದು ನಿಮ್ಮಿಂದಲ್ಲ, ನನ್ನಿಂದ. ಇಷ್ಟು ವರ್ಷ ಇದನ್ನು ಬಾಯಿಬಿಡದೆ ಉಂಡೆ, ಮಲಗಿದೆ, ಇಗರ್ಜಿಗೂ ಹೋಗಿಬಂದೆ — ಬರೆಯುವಾಗ ನನ್ನನ್ನು ಕಂಡು ನನಗೇ ಗಾಬರಿಯಾಗುತ್ತಿದೆ.

ದೋಹಾದಲ್ಲಿ ಏಷ್ಯನ್ ಗೇಮ್ಸ್ ನಡೆದ ವರ್ಷ ಅದು. ಅಲ್ಲಿನ ಅಲ್ ಮುಂತಜಾದ ಅಂಗಡಿಯೊಂದರಲ್ಲಿ ಗಾಡಿಗಳಿಗೆ ಸ್ಟಿಕ್ಕರ್ ಅಂಟಿಸುವ, ತೆಗೆಯುವ ಕೆಲಸ ನನ್ನದು. ಉಮ್ಮ್ ಸಲಾಲಿನ ಲಾಯದಲ್ಲಿ ಕುದುರೆ ನೋಡಿಕೊಳ್ಳುವವರು ನೀವು. ನಿಮ್ಮ ಧಣಿ, ಆ ಅರಬಾಬ್, ಕುದುರೆ ಸಾಗಿಸುವ ಹಳೆಯ ಅಲ್ಯೂಮಿನಿಯಂ ಟ್ರೇಲರ್ ಒಂದನ್ನು ಕೊಂಡಿದ್ದರು. ಮೈತುಂಬ ಹಿಂದಿನ ಮಾಲೀಕ ಅಂಟಿಸಿದ ಕೆಂಪು ಪಟ್ಟೆಗಳು. ಅವನ್ನು ತೆಗೆಯಲು ನೀವೇ ನನ್ನ ಹೆಸರು ಹೇಳಿದಿರಿ — “ನಮ್ಮ ಊರಿನವ, ಕೆಲಸ ಒಳ್ಳೇದುಂಟು” ಎಂದು.

ಲಾಯದ ಅಂಗಳದಲ್ಲೇ ಕೆಲಸ ಶುರುಮಾಡಿದೆ. ಹೀಟ್ ಗನ್ನಿನ ಬಿಸಿಗಾಳಿ ಹಿಡಿದರೂ ಪಟ್ಟೆ ಚೂರುಚೂರಾಗಿ ಬಂತು. ಅಂಟು ಮಾತ್ರ ಜಪ್ಪಯ್ಯ ಎಂದರೂ ಬಿಡಲಿಲ್ಲ. ಬ್ಲೇಡಿನಲ್ಲಿ ಕೆರೆದರೆ ಲೋಹಕ್ಕೆ ಗೀರು, ಥಿನ್ನರ್ ಹಚ್ಚಿದರೆ ಕರಗಿ ಇನ್ನಷ್ಟು ಹರಡುತ್ತಿತ್ತು. ಆಗ ಊರಿನ ಬುದ್ಧಿ ಎಚ್ಚೆತ್ತಿತು: ಹಲಸಿನ ಮೇಣ ಬಿಡಿಸುವುದು ಯಾವುದರಿಂದ? ತೆಂಗಿನೆಣ್ಣೆಯಿಂದ. ಹಚ್ಚಿ, ನೆನೆಯಲು ಬಿಟ್ಟು, ಬಟ್ಟೆಯಲ್ಲಿ ತಿಕ್ಕಿದೆ; ಅಂಟು ಉಂಡೆಯುಂಡೆಯಾಗಿ ಎದ್ದು ಬಂತು. ನಾನು ಉಬ್ಬಿಹೋದೆ. ಈ ಉಪಾಯ ಬೇರೆ ಅಂಗಡಿಯವರಿಗೆ ತಿಳಿಯಬಾರದೆಂದು ಯಾರಿಗೂ ಹೇಳಲಿಲ್ಲ, ನಿಮಗೂ.

ಟ್ರೇಲರಿನ ಹಿಂದಿನ ಬಾಗಿಲು ಕೆಳಗೆ ಮಡಚಿದರೆ ಅದೇ ಕುದುರೆ ಹತ್ತುವ ಇಳಿಜಾರು ಹಲಗೆ. ಅದರ ಮೇಲಿಟ್ಟಿದ್ದ ಎಣ್ಣೆ ಬಾಟಲಿ ಮೊಣಕೈ ತಾಗಿ ಉರುಳಿತು. ಚೆಲ್ಲಿದ್ದನ್ನು ಮೇಲಷ್ಟೇ ಒರೆಸಿದೆ. ಹಲಗೆಯ ಉಬ್ಬುಗಳ ಸಂದಿನಲ್ಲಿ ಎಣ್ಣೆ ಇನ್ನೂ ಮಿನುಗುತ್ತಿತ್ತು — ಕಂಡಿತು, ಲೋಕಣ್ಣ, ನನಗೆ ಕಂಡಿತು. ಸೋಪು ಹಾಕಿ ತೊಳೆಯಬೇಕಿತ್ತು. ಹಸಿವಾಗಿತ್ತು, ಊಟಕ್ಕೆ ಹೋದೆ.

ತಿರುಗಿ ಬಂದಾಗ ನೀವು ನಿಮ್ಮ ಪ್ರೀತಿಯ ಹೆಣ್ಣುಕುದುರೆ ನೂರಾಳನ್ನು ಟ್ರೇಲರಿಗೆ ಹತ್ತಿಸುತ್ತಿದ್ದಿರಿ. ಕೂಗಬಹುದಿತ್ತು. ಬಾಯಿ ತೆರೆಯುವಷ್ಟರಲ್ಲಿ — ಆ ಸದ್ದು. ಅವಳ ಹಿಂಗಾಲು... ಕಾಲೊಂದು ಹಾಗೆ ತಿರುಚಿಕೊಳ್ಳಬಹುದೆಂದು ನನಗೆ ಗೊತ್ತಿರಲಿಲ್ಲ. ಡಾಕ್ಟರು ಬಂದು ಕೊನೆಯ ಸೂಜಿ ಚುಚ್ಚುವವರೆಗೂ ನೀವು ಅವಳ ತಲೆಯನ್ನು ಮಡಿಲಿನಿಂದ ಇಳಿಸಲಿಲ್ಲ.

ಅರಬಾಬ್ ಹಲಗೆ ಮುಟ್ಟಿ, ಬೆರಳು ಮೂಸಿ, ಈ ಎಣ್ಣೆ ಎಲ್ಲಿಂದ ಬಂತೆಂದು ನನ್ನನ್ನು ಕೇಳಿದರು.

“ಲೋಕಣ್ಣ ಕುದುರೆಯ ಗೊರಸಿಗೆ ಎಣ್ಣೆ ಹಚ್ಚುತ್ತಾರೆ” ಎಂದೆ.

ಸುಳ್ಳಲ್ಲ. ದಿನವೂ ಅದೇ ತೆಂಗಿನೆಣ್ಣೆ ಹಚ್ಚುತ್ತಿದ್ದಿರಿ, ಅಂದು ಬೆಳಿಗ್ಗೆಯೂ. ನಿಜವನ್ನೇ ಹೇಳಿ ಒಬ್ಬ ಮನುಷ್ಯನನ್ನು ಮುಗಿಸಬಹುದೆಂದು ನನ್ನ ಬಾಯಿಗೆ ಯಾರು ಕಲಿಸಿದ್ದರೋ. ಅರಬಾಬ್ “ಖಲಾಸ್” ಎಂದರು, ನಿಮ್ಮ ವೀಸಾ ಕ್ಯಾನ್ಸಲ್ ಆಯಿತು.

ನಿಮ್ಮನ್ನು ಏರ್‌ಪೋರ್ಟಿಗೆ ಬಿಟ್ಟವನೂ ನಾನೇ. ಬೈಯುತ್ತೀರಿ ಎಂದುಕೊಂಡಿದ್ದೆ. ನೀವು ಅಂಗೈ ನೋಡಿಕೊಳ್ಳುತ್ತ, “ನನ್ನ ಕೈಯಿಂದಲೇ ಹೋಯ್ತಲ್ಲ ಮಾರಾಯ” ಎಂದಿರಿ. ನೀವು ನನ್ನ ಮೇಲೆ ಸಂಶಯಪಟ್ಟೇ ಇರಲಿಲ್ಲ. ಆಗಲೂ ನಾನು — ನಿಮ್ಮ ಪೆಟ್ಟಿಗೆ ಇಳಿಸಿಕೊಟ್ಟೆ, ಅಷ್ಟೆ.

ಹೋದ ವಾರ ಉಡುಪಿಯಲ್ಲಿ ನಿಮ್ಮ ಮಗಳು ಸಿಕ್ಕಿದಳು. ಮೊಮ್ಮಗುವನ್ನು ನೀವು ಒಮ್ಮೆಯೂ ಎತ್ತಿಕೊಂಡಿಲ್ಲವಂತೆ. “ನನ್ನ ಕೈಯನ್ನು ನಂಬಲಿಕ್ಕಾಗುವುದಿಲ್ಲ” ಎನ್ನುತ್ತೀರಂತೆ. ಅವಳು ನಗುತ್ತಲೇ ಹೇಳಿದಳು.

ಭಾನುವಾರ ಬರುತ್ತೇನೆ. ನೀವು ಬಾಗಿಲು ಹಾಕಿಕೊಂಡರೂ ಸರಿ, ಅಂಗಳದಲ್ಲಿ ನಿಂತು ನಿಮ್ಮ ಮನೆಯವರೆಲ್ಲರಿಗೂ ಕೇಳುವ ಹಾಗೆ ಹೇಳುತ್ತೇನೆ. ಆದರೆ ನೀವು ಅಲ್ಲಿಯವರೆಗೆ ಕಾಯಬೇಡಿ, ಲೋಕಣ್ಣ — ಈ ಕಾಗದ ಕೆಳಗಿಟ್ಟು ಮಗುವನ್ನು ಎತ್ತಿಕೊಳ್ಳಿ.