ಟೈಲರಕ್ಕ ಅಂಗಳದಲ್ಲಿ ಬರೆದ ಮನೆ

ನನ್ನ ಹುದ್ದೆಯ ಹೆಸರು ನನ್ನ ಸಂಬಳಕ್ಕಿಂತ ಉದ್ದವಾಗಿದೆ: ನಗರ ಯೋಜನಾ ಕಚೇರಿಯ ಸಾರ್ವಜನಿಕ ಅಹವಾಲು ವಿಭಾಗದ ಗುತ್ತಿಗೆ ಸಹಾಯಕ. ಕೆಲಸ ಮಾತ್ರ ಎರಡೇ. ಮೊದಲನೆಯದು ನೋಟಿಸು ಅಂಟಿಸುವುದು. ಆಮೇಲೆ ಆ ನೋಟಿಸು ಓದಿ ಸಿಟ್ಟಾದವರು ಕೇಳುವ ಪ್ರಶ್ನೆಗಳನ್ನು ಬರೆದುಕೊಂಡು, ಒಂದೇ ಥರದವನ್ನೆಲ್ಲ ಒಟ್ಟು ಹಾಕಿ, ನೂರು ಪ್ರಶ್ನೆಯನ್ನು ಆರು ಸಾಲಿಗೆ ಇಳಿಸುವುದು. ಈ ಇಳಿಸುವ ವಿದ್ಯೆಯಲ್ಲಿ ನಾನು ಚೆನ್ನಾಗಿ ಪಳಗಿದ್ದೇನೆ. ಅಮ್ಮ ಅರ್ಧ ಗಂಟೆ ಬೈದರೂ ನನ್ನ ತಲೆಯಲ್ಲಿ ಅದು 'ಬಟ್ಟೆ ಒಗೆಯದಿರುವ ಕುರಿತು' ಎಂಬ ಒಂದೇ ಸಾಲಾಗಿ ಕೂರುತ್ತದೆ.

ಟೈಲರಕ್ಕನ ಪರಿಚಯವಾದದ್ದು ನೋಟಿಸು ಅಂಟಿಸುವಾಗ. ಊರಂಚಿನ ಹಳೆಯ ಅಪಾರ್ಟ್‌ಮೆಂಟು. ನಾಲ್ಕು ಮಹಡಿ, ನಲವತ್ತು ಮನೆ, ನಡುವೆ ಸಿಮೆಂಟಿನ ಅಂಗಳ. ಅದನ್ನು ಕೆಡವಿ ಹದಿನಾಲ್ಕು ಮಹಡಿ ಎಬ್ಬಿಸಲು ಒಬ್ಬ ಬಿಲ್ಡರು ಅರ್ಜಿ ಹಾಕಿದ್ದ. ಈಗಿರುವವರಿಗೆಲ್ಲ ಹೊಸ ಕಟ್ಟಡದಲ್ಲಿ ಒಂದೊಂದು ಮನೆ, ಉಳಿದದ್ದು ಮಾರಾಟಕ್ಕೆ. ಆದರೆ ಆ ಜಾಗ ಬರೀ ವಸತಿ ವಲಯ. ಅಂಗಡಿಗಳೂ ಬರಬೇಕಾದರೆ ಅದನ್ನು ಮಿಶ್ರ ವಲಯ ಮಾಡಬೇಕು, ಮಾಡುವ ಮುಂಚೆ ಅಲ್ಲಿಯ ಜನರನ್ನು ಕೇಳಬೇಕು. ಸಭೆ ಕರೆದು ಕೇಳುತ್ತೇವೆ ಎಂದು ಹೇಳುವ ಕಾಗದವನ್ನೇ ನಾನು ನೆಲಮಹಡಿಯ ಗೋಡೆಗೆ ಮೆತ್ತುತ್ತಿದ್ದೆ.

"ಏನಪ್ಪಾ, ಎಡಗಡೆ ಅರ್ಧ ಇಂಚು ಕೆಳಗಿದೆಯಲ್ಲ."

ತಿರುಗಿ ನೋಡಿದರೆ ಐವತ್ತೈದರ ಆಸುಪಾಸಿನ ಹೆಂಗಸು, ಕುತ್ತಿಗೆಯಲ್ಲಿ ಅಳತೆ ಟೇಪು, ತುಟಿಯಂಚಿನಲ್ಲಿ ಎರಡು ಗುಂಡುಸೂಜಿ. ಗುಂಡುಸೂಜಿ ಕಚ್ಚಿಕೊಂಡೇ ಅಷ್ಟು ಸ್ಪಷ್ಟವಾಗಿ ಮಾತಾಡಬಲ್ಲವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನಾನು ಬಾಯಿ ಖಾಲಿ ಇದ್ದರೂ ತೊದಲುತ್ತೇನೆ. ನಾನು ಹೋದ ಮೇಲೆ ಆಕೆ ಅಳೆದು ನೋಡಿದರಂತೆ. ಅರ್ಧ ಇಂಚೇ ಇತ್ತಂತೆ.

ಹದಿನೇಳನೇ ವಯಸ್ಸಿಗೆ ಸಿದ್ಧ ಉಡುಪಿನ ಕಾರ್ಖಾನೆಗೆ ಸೇರಿ, ಇಪ್ಪತ್ತು ವರ್ಷ ಕಟಿಂಗ್ ಟೇಬಲ್ಲಿನಲ್ಲಿ ನಿಂತವರು ಅವರು. ಅಲ್ಲಿ ನೂರು ಪದರ ಬಟ್ಟೆಯನ್ನು ಒಂದರ ಮೇಲೊಂದು ಹಾಸಿ, ಮೇಲಿನ ಪದರದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ, ಒಂದೇ ಸಲ ಕತ್ತರಿಸುತ್ತಾರೆ. ಒಂದು ಗೆರೆ ತಪ್ಪಿದರೆ ನೂರು ಅಂಗಿ ಕೆಟ್ಟ ಹಾಗೆ. ಅದಕ್ಕೇ ಆ ಟೇಬಲ್ಲಿನಲ್ಲೊಂದು ಕಟ್ಟಳೆ: ತಪ್ಪು ಯಾರದೇ ಇರಲಿ, ಕಂಡವರು ಕಂಡ ಕ್ಷಣವೇ ಇಡೀ ಹಾಲಿಗೆ ಕೇಳುವಂತೆ ಕೂಗಬೇಕು. ನಾಚಿಕೆ, ಸಂಕೋಚ ಆಮೇಲೆ.

ಅವರ ಅಣ್ಣ ವಿದ್ಯುತ್ ಕಂಬದ ಕೆಲಸದವನು. ಒಂದು ದಿನ ಕಂಬದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಆಗ ಟೈಲರಕ್ಕ ಕಾರ್ಖಾನೆ ಬಿಟ್ಟು, ಇಬ್ಬರ ಉಳಿತಾಯ ಸೇರಿಸಿ, ಇಬ್ಬರ ಹೆಸರಲ್ಲೂ ಈ ನೆಲಮಹಡಿಯ ಮನೆ ಕೊಂಡರು. ಮುಂದಿನ ಕೋಣೆಯಲ್ಲಿ ಹೊಲಿಗೆ. ಅಣ್ಣ ಬೆಳಗ್ಗೆ ಒಂಬತ್ತಕ್ಕೆ ಗಾಲಿಕುರ್ಚಿಯನ್ನು ತಾನೇ ತಳ್ಳಿಕೊಂಡು ಬೀದಿ ತಿರುವಿಗೆ ಹೋಗಿ, ತಗಡಿನ ಚಪ್ಪರದ ಕೆಳಗೆ ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುತ್ತಾನೆ. ಸಂಜೆ ತಾನೇ ಮರಳುತ್ತಾನೆ. ಬೀದಿಯವರಿಗೆಲ್ಲ ಅವನು ಫ್ಯಾನಣ್ಣ. ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ಯಾರೂ ಅವನನ್ನು ಎತ್ತಿ ಇಳಿಸಿಲ್ಲ. ಅಣ್ಣ ತಂಗಿ ಇಬ್ಬರಿಗೂ ಬಾಯಿಬಿಟ್ಟು ಹೇಳದ ಹೆಮ್ಮೆ ಇದ್ದದ್ದು ಇದೊಂದರ ಬಗ್ಗೆ.

"ಹೊಸ ಮನೆ ಹೇಗಿರುತ್ತೆ ಅಂತ ಒಂದು ನಕ್ಷೆ ಕೊಡಪ್ಪ," ಎಂದು ನೋಟಿಸು ಅಂಟಿಸಿದ ದಿನವೇ ಟೈಲರಕ್ಕ ಕೇಳಿದರು. ಮರುದಿನ ಕೊಟ್ಟೆ. ನಲವತ್ತು ಮನೆಯವರಲ್ಲಿ ನಕ್ಷೆ ಕೇಳಿದವರು ಅವರೊಬ್ಬರೇ. ಉಳಿದವರು ಬಿಲ್ಡರಿನ ಬಣ್ಣದ ಚಿತ್ರ ನೋಡಿದ್ದರು. ಅದರಲ್ಲಿ ಮರಗಳು ಜಾಸ್ತಿ, ಮನೆ ಕಮ್ಮಿ.

ಆ ಭಾನುವಾರ ಟೈಲರಕ್ಕ ನಕ್ಷೆಯನ್ನು ಮಡಿಲಲ್ಲಿಟ್ಟುಕೊಂಡು, ಮೂಲೆಯಲ್ಲಿ ಬರೆದ 'ಒಂದು ಸೆಂಟಿಮೀಟರಿಗೆ ಒಂದು ಮೀಟರು' ಎಂಬ ಲೆಕ್ಕ ಹಿಡಿದು, ಹೊಸ ಮನೆಯನ್ನು ಅದರ ನಿಜ ಗಾತ್ರದಲ್ಲಿ ಅಂಗಳದ ಸಿಮೆಂಟಿನ ಮೇಲೆ ಸೀಮೆಸುಣ್ಣದಿಂದ ಬರೆದರು. ಗೋಡೆ, ಬಾಗಿಲು, ಒಲೆಯ ಕಟ್ಟೆ, ಎಲ್ಲ. ಜನ ಒಬ್ಬೊಬ್ಬರೇ ಬಂದು ಗೆರೆಯೊಳಗೆ ಕಾಲಿಟ್ಟರು. ಹತ್ತಡಿ ಎಂದು ಬಿಲ್ಡರು ಹೇಳಿದ್ದ ಮಲಗುವ ಕೋಣೆ ಏಳೇ ಅಡಿ ಇತ್ತು. ಬಚ್ಚಲ ಬಾಗಿಲು ಇಪ್ಪತ್ತೊಂದು ಇಂಚು.

"ಇದು ಮನೆಯೋ ಬೆಂಕಿಪೊಟ್ಟಣವೋ!" ಎಂದು ಎರಡನೇ ಮಹಡಿಯ ನಿವೃತ್ತ ಮೇಷ್ಟ್ರು ಕೂಗಾಡಿದರು.

"ಪುಟ್ಟೀ, ನನ್ನ ಬಚ್ಚಲಿಗೆ ಕಳಿಸ್ಬೇಕಾದ್ರೆ ಪ್ಯಾಂಟು ಮಡಚಿದ ಹಾಗೆ ಉದ್ದುದ್ದ ಮಡಚಿ ಕಳಿಸು," ಎಂದ ಫ್ಯಾನಣ್ಣ ತಂಗಿಗೆ.

ಸಂಜೆಯೊಳಗೆ ಮೇಷ್ಟ್ರು ಮೂವತ್ತೆಂಟು ಸಹಿ ಹಾಕಿಸಿದರು: ಬಿಲ್ಡರು ಮೋಸಗಾರ, ವಲಯ ಬದಲಾಯಿಸಕೂಡದು. ಸೋಮವಾರ ನಮ್ಮ ಅಧಿಕಾರಿ ಮೇಡಂ ಫೋನಿನ ಮೇಲೆ ಫೋನು ಬಂದು ತಲೆಕೆಟ್ಟು, "ಅದೇನು ರಾದ್ಧಾಂತ, ಹೋಗಿ ನೋಡ್ಕೊಂಡು ಬಾ" ಎಂದು ನನ್ನನ್ನು ಅಟ್ಟಿದರು.

ಅಂಗಳಕ್ಕೆ ಹೋಗಿ ಆ ಗೆರೆಗಳ ನಡುವೆ ನಿಂತಾಗ ನಾನು ನಕ್ಷೆ ಕಾಪಿ ಮಾಡಿದ ದಿನ ನೆನಪಾಯಿತು. ಮೂಲ ನಕ್ಷೆ ದೊಡ್ಡ ಹಾಳೆಯದು. ಅವತ್ತು ಕಚೇರಿಯಲ್ಲಿ ದೊಡ್ಡ ಹಾಳೆ ಮುಗಿದಿತ್ತು. ಜೆರಾಕ್ಸ್ ಯಂತ್ರದ ಗುಂಡಿ ಒತ್ತಿ ಚಿಕ್ಕ ಹಾಳೆಗೆ ಕುಗ್ಗಿಸಿ ಕೊಟ್ಟವನು ನಾನು. ಗೆರೆಗಳೆಲ್ಲ ಕುಗ್ಗಿದ್ದವು, ಮೂಲೆಯ ಬರಹ ಮಾತ್ರ ಹಳೆಯ ಲೆಕ್ಕವನ್ನೇ ಹೇಳುತ್ತಿತ್ತು. ನೂರು ಪ್ರಶ್ನೆಯನ್ನು ಆರಕ್ಕೆ ಇಳಿಸಿ ಅಭ್ಯಾಸವಾದ ಕೈ, ನಲವತ್ತು ಮನೆಯನ್ನೂ ಇಳಿಸಿಬಿಟ್ಟಿತ್ತು.

ಸುಮ್ಮನಿರಬಹುದಿತ್ತು. ಸುಮ್ಮನಿರುವುದೂ ನನಗೆ ಬರುವ ಕೆಲಸವೇ. ಆದರೆ ಟೈಲರಕ್ಕ ಮಂಡಿಯೂರಿ ಕೂತು, ಯಾರೋ ತುಳಿದು ಮಾಸಿದ ಗೆರೆಯೊಂದನ್ನು ಮತ್ತೆ ತಿದ್ದುತ್ತಿದ್ದರು.

"ಅಕ್ಕಾ, ನಾನು ಕೊಟ್ಟ ಕಾಪಿ... ಸ್ವಲ್ಪ ಚಿಕ್ಕದಾಗಿದೆ."

"ಸ್ವಲ್ಪ ಅಂದ್ರೆ ಎಷ್ಟು?"

"ನೂರಕ್ಕೆ ಎಪ್ಪತ್ತೊಂದು."

ಅವರು ಟೇಪು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಲೆಕ್ಕ ಹಾಕಿದರು. "ಏಳಡಿ ಅಂದದ್ದು ಹತ್ತಡಿ ಆಯ್ತು. ಬಿಲ್ಡರು ಹೇಳಿದ್ದೇ ನಿಜ." ಆಮೇಲೆ ನನ್ನ ಮುಖ ನೋಡಿದರು. "ನಿನಗೆ ಈಗ ಗೊತ್ತಾಯ್ತಾ, ಮುಂಚೇನೇ ಗೊತ್ತಿತ್ತಾ?"

"ಈಗಲೇ ಅಕ್ಕಾ, ಆಣೆಗೂ."

"ಆಣೆ ಬೇಡ, ಬಕೆಟ್ ತಗೊಂಬಾ."

ಎದ್ದು ನಿಂತು, ಅಂಗಳದ ನಡುವಿನಿಂದ ನಾಲ್ಕೂ ಮಹಡಿಗೆ ಕೇಳುವಂತೆ ಕೂಗಿದರು: "ನಿನ್ನೆ ನಾನು ಹಾಕಿದ ಅಳತೆ ತಪ್ಪು! ಕೋಣೆ ಹತ್ತಡಿ ಇದೆ! ಎಲ್ಲರೂ ಕೇಳಿಸ್ಕೊಳ್ಳಿ, ಅಳತೆ ತಪ್ಪು!" ನನ್ನ ಹೆಸರು ಎತ್ತಲಿಲ್ಲ.

ಮೇಷ್ಟ್ರು ಲುಂಗಿ ಎತ್ತಿಕೊಂಡು ಓಡಿ ಇಳಿದು ಬಂದರು. "ಏನಮ್ಮಾ ನೀನು! ಮೂವತ್ತೆಂಟು ಸಹಿ ಆಗಿದೆ. ಜನ ಒಗ್ಗಟ್ಟಾಗಿದ್ದಾರೆ. ಸಭೆ ಮುಗಿಯೋವರೆಗೆ ಬಾಯಿ ಮುಚ್ಕೊಂಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ನಾನು ಬಾಯಿ ಮುಚ್ಕೊಂಡ್ರೆ ಕೋಣೆ ಚಿಕ್ಕದಾಗುತ್ತಾ ಮೇಷ್ಟ್ರೇ? ಸಭೇಲಿ ಅವ್ರು ದೊಡ್ಡ ನಕ್ಷೆ ಬಿಚ್ಚಿ ತೋರಿಸ್ತಾರೆ. ಆಗ ನಮ್ಮ ನಿಜದ ಪ್ರಶ್ನೆಗೂ ಯಾರೂ ಕಿವಿ ಕೊಡಲ್ಲ."

"ನಿಜದ ಪ್ರಶ್ನೆ ಯಾವ್ದು?"

"ಅದು ಇನ್ನೂ ಗೊತ್ತಿಲ್ಲ. ಗೆರೆ ಎಳೆದು ನೋಡ್ಬೇಕು."

ನಾನು ನೀರು ಹುಯ್ದು ಉಜ್ಜಿದೆ. ಸರ್ಕಾರಿ ಕೆಲಸದಲ್ಲಿ ಅಷ್ಟು ಶ್ರದ್ಧೆಯಿಂದ ಏನನ್ನೂ ಮಾಡಿದ ನೆನಪಿಲ್ಲ. ನೆಲ ಒಣಗಿದ ಮೇಲೆ ಸರಿಯಾದ ಲೆಕ್ಕದಲ್ಲಿ ಮತ್ತೆ ಬರೆದರು. ಈಗ ಮನೆ ಚೆನ್ನಾಗಿತ್ತು. ಈಗಿರುವ ಮನೆಗಿಂತ ದೊಡ್ಡದೇ. ಫ್ಯಾನಣ್ಣ ಕುರ್ಚಿ ತಳ್ಳಿಕೊಂಡು ಗೆರೆಯ ಮನೆಯೊಳಗೆಲ್ಲ ಓಡಾಡಿದ. ಅಡುಗೆಮನೆಯಲ್ಲಿ ತಿರುಗಿದ, ಬಚ್ಚಲ ಬಾಗಿಲಲ್ಲಿ ನುಸುಳಿದ, ಹಾಲಿನಲ್ಲೊಂದು ಸುತ್ತು ಹೊಡೆದ.

"ಪುಟ್ಟೀ, ಅರಮನೆ ಕಣೇ!" ಎನ್ನುತ್ತ ಮುಂಬಾಗಿಲಿನಿಂದ ಹೊರಗೆ ಬಂದವನು, ರೂಢಿಯಂತೆ ಗೇಟಿನ ಕಡೆಗೆ ಕುರ್ಚಿ ತಿರುಗಿಸಿ, ಹತ್ತು ಮಾರು ಹೋಗಿ, ನಿಂತ.

"ಬಾಗಿಲಾಚೆ ಏನಿದೆಯಪ್ಪಾ ನಕ್ಷೇಲಿ?" ಎಂದು ನನ್ನ ಕೇಳಿದ.

"ಲಿಫ್ಟು."

"ಯಾಕೆ ಲಿಫ್ಟು? ನಾವು ನೆಲಮಹಡಿಯವ್ರಲ್ವಾ?"

ನಾನು ನೋಟಿಸಿನ ಮೂರನೇ ಪುಟ ತೆಗೆದೆ. ನಾನೇ ಅಂಟಿಸಿದ್ದು, ಓದಿದ್ದು ಮಾತ್ರ ಅದೇ ಮೊದಲು. "ನೆಲಮಹಡಿ ಪೂರ್ತಿ ಅಂಗಡಿಗಳಿಗೆ. ಅದರ ಮೇಲೆರಡು ಮಹಡಿ ಕಾರಿಗೆ. ಮನೆಗಳು ಶುರುವಾಗೋದು ಮೂರನೇ ಮಹಡಿಯಿಂದ."

ಫ್ಯಾನಣ್ಣ ಕುರ್ಚಿಯನ್ನು ಹಿಂದಕ್ಕೆ ತಿರುಗಿಸಿದ. ಟೈಲರಕ್ಕ ಕೈಯ ಸೀಮೆಸುಣ್ಣವನ್ನು ಸೆರಗಿಗೆ ಒರೆಸಿಕೊಂಡರು. "ಸಿಕ್ತು ಮೇಷ್ಟ್ರೇ, ಪ್ರಶ್ನೆ," ಎಂದರು.

ಸಭೆ ನಡೆದದ್ದು ಅದೇ ವಾರ, ಹತ್ತಿರದ ಶಾಲೆಯ ಹಾಲಿನಲ್ಲಿ. ಕಾರು ನಿಲ್ಲಿಸುವುದು, ನೀರು, ಧೂಳು, ಎಷ್ಟು ವರ್ಷ ಆಗುತ್ತೆ, ಅಲ್ಲಿಯವರೆಗೆ ನಾವೆಲ್ಲಿರೋದು: ಅರವತ್ತೊಂದು ಪ್ರಶ್ನೆ ಬರೆದುಕೊಂಡೆ. ಕೊನೆಗೆ ಟೈಲರಕ್ಕ ಎದ್ದರು. ಅವತ್ತು ತುಟಿಯಲ್ಲಿ ಗುಂಡುಸೂಜಿ ಇರಲಿಲ್ಲ.

"ಮನೆ ಚೆನ್ನಾಗಿದೆ. ಅಳೆದು ನೋಡಿದೀನಿ. ನಂದು ಒಂದೇ ಪ್ರಶ್ನೆ. ನಮ್ಮಣ್ಣ ದಿನಾ ಒಂಬತ್ತಕ್ಕೆ ಯಾರನ್ನೂ ಕರೀದೆ ತಾನೇ ಬೀದಿಗೆ ಬರ್ತಾನೆ. ಲಿಫ್ಟ್ ನಿಂತ ದಿನ ಹೇಗೆ ಬರ್ತಾನೆ?"

ಬಿಲ್ಡರಿನ ಆರ್ಕಿಟೆಕ್ಟು, ನನ್ನದೇ ವಯಸ್ಸಿನವನು, ಇಸ್ತ್ರಿ ಮಾತ್ರ ನನ್ನದಕ್ಕಿಂತ ಚೆನ್ನಾಗಿತ್ತು, ನಕ್ಕ. "ಎರಡೆರಡು ಲಿಫ್ಟ್ ಇದೆ ಆಂಟಿ, ಜನರೇಟರ್ ಇದೆ. ನಿಲ್ಲೋದೇ ಇಲ್ಲ."

"ದೊಡ್ಡ ರಸ್ತೆಯಲ್ಲಿರೋ ಹನ್ನೆರಡು ಮಹಡಿ ನೀವೇ ಕಟ್ಟಿದ್ದಲ್ವಾ ಮಗಾ? ಅಲ್ಲೂ ಎರಡು ಲಿಫ್ಟ್, ಜನರೇಟರ್. ಒಂಬತ್ತನೇ ಮಹಡೀಲಿ ನನ್ನ ಗಿರಾಕಿ ಒಬ್ಬಳಿದಾಳೆ. ಹೋದ ವರ್ಷ ಹೊಲಿದ ಬಟ್ಟೆ ಕೊಡೋಕೆ ಇಪ್ಪತ್ತು ಸಲ ಹೋಗಿದೀನಿ. ನಾಲ್ಕು ಸಲ ಮೆಟ್ಟಿಲು ಹತ್ತಿದೀನಿ. ನನಗೆ ಕಾಲಿದೆ, ಹತ್ತಿದೆ."

ಆರ್ಕಿಟೆಕ್ಟು, ಅಂಥ ಸಂದರ್ಭದಲ್ಲಿ ಸಿಬ್ಬಂದಿ ಎತ್ತಿಕೊಂಡು ಇಳಿಸುತ್ತಾರೆ ಎಂದ.

"ಎತ್ತಿಸ್ಕೊಳ್ಳೋಕೆ ಅವನೇನು ಮೂಟೆನಾ?"

ಮೇಡಂ ನನ್ನ ಕಡೆ ಬಗ್ಗಿ, "ಲಿಫ್ಟ್ ಅಂತ ಇನ್ನೂ ಮೂರು ಬಂದಿದೆಯಲ್ಲ, ಅದ್ರ ಜೊತೆ ಸೇರಿಸಿಬಿಡು," ಎಂದು ಪಿಸುಗುಟ್ಟಿದರು. ಟೈಲರಕ್ಕನ ಕಿವಿ ಬಹಳ ಚುರುಕು. ನೇರ ನನ್ನ ಮೇಜಿಗೆ ಬಂದರು. "ಏನು ಬರ್ಕೊಂಡೆ, ಓದು."

'ಲಿಫ್ಟ್ ಸೌಲಭ್ಯದ ಕುರಿತು' ಎಂದು ಓದಿದೆ.

"ನಾನು ಲಿಫ್ಟ್ ಕೇಳಲಿಲ್ಲಪ್ಪ. ನಮ್ಮಣ್ಣ ಬೀದಿಗೆ ಬರೋದನ್ನ ಕೇಳ್ದೆ. ಕೇಳಿದ್ದನ್ನ ಕೇಳಿದ ಹಾಗೇ ಬರಿ."

ಬರೆದೆ. ಮೇಡಂ ಕಣ್ಣು ಬಿಟ್ಟರು. ಗುತ್ತಿಗೆಯ ನೌಕರಿ, ಮುಂದಿನ ತಿಂಗಳು ನವೀಕರಣ, ಎಲ್ಲ ನೆನಪಾಯಿತು. ಆದರೂ ವರದಿಯಲ್ಲಿ ಆರು ಸಾಲಿನ ಕೆಳಗೆ ಏಳನೆಯದಾಗಿ ಆ ಮಾತುಗಳು ಹಾಗೇ ಹೋದವು, 'ಯಾರನ್ನೂ ಕರೀದೆ' ಎಂಬುದೂ ಸೇರಿ. ಮೇಡಂ ಅದನ್ನು ಎರಡು ಸಲ ಓದಿ, ಪೆನ್ನು ಎತ್ತಿ, ಏನೂ ಹೊಡೆದುಹಾಕದೆ ಸಹಿ ಮಾಡಿದರು. ಅವರ ಬಗ್ಗೆ ನಾನು ಆಡಿದ್ದ ಮಾತುಗಳಲ್ಲಿ ಅರ್ಧದಷ್ಟನ್ನು ಅವತ್ತು ಹಿಂದಕ್ಕೆ ತೆಗೆದುಕೊಂಡೆ.

ಮೂರು ತಿಂಗಳಿಗೆ ಆದೇಶ ಬಂತು. ವಲಯ ಬದಲಾವಣೆಗೆ ಒಪ್ಪಿಗೆ, ಒಂದು ಷರತ್ತಿನ ಮೇಲೆ: ನೆಲಮಹಡಿಯ ಹಿಂಬದಿಯ ಸಾಲು ಮನೆಗಳಾಗಿಯೇ ಉಳಿಯಬೇಕು, ಮೆಟ್ಟಿಲು ಹತ್ತಲಾಗದವರಿಗೆ ಅಲ್ಲಿ ಮೊದಲ ಹಕ್ಕು. ಐದು ಮನೆ. ಅಂಗಡಿ ಕಮ್ಮಿಯಾಯಿತೆಂದು ಬಿಲ್ಡರು ಗೊಣಗಿದ. ಹಿಂಬದಿ ಗಾಳಿ ಬರಲ್ಲ ಎಂದು ಫ್ಯಾನಣ್ಣ ಗೊಣಗಿದ, ತಂಗಿ, "ನಿನ್ನ ಹತ್ರ ಇಲ್ದೇ ಇರೋ ಫ್ಯಾನಾ?" ಎಂದರಂತೆ. ಮಂಡಿ ನೋವೆಂದು ಮೊದಲ ಅರ್ಜಿ ಹಾಕಿದವರು ಮೇಷ್ಟ್ರು.

ಮನೆ ಇದ್ದವರೆಲ್ಲ ಕಚೇರಿಗೆ ಬಂದು ಒಪ್ಪಿಗೆ ಪುಸ್ತಕದಲ್ಲಿ ಸಹಿ ಮಾಡಬೇಕಿತ್ತು. ಟೈಲರಕ್ಕ ಬಂದು ಮಾಡಿದರು. ಪಕ್ಕದ ಖಾಲಿ ಜಾಗ ತೋರಿಸಿ, "ಅಣ್ಣನ ಪರವಾಗಿ ನೀವೇ ಹಾಕಿಬಿಡಿ ಅಕ್ಕಾ, ನಾನು ನೋಡ್ಕೋತೀನಿ," ಎಂದು ದೊಡ್ಡ ಮನಸ್ಸು ಮಾಡಿದೆ.

"ಯಾಕೆ? ಅವನೇ ಬಂದಿದಾನಲ್ಲ."

"ಎಲ್ಲಿ?"

"ಕೆಳಗೆ."

ನಮ್ಮ ಕಚೇರಿ ಮೊದಲ ಮಹಡಿಯಲ್ಲಿದೆ. ಲಿಫ್ಟ್ ಇಲ್ಲ. ಇಪ್ಪತ್ತೆರಡು ಮೆಟ್ಟಿಲು. ಕಟ್ಟಡಗಳಿಗೆ ಅನುಮತಿ ಕೊಡುವ ಕಚೇರಿಗೆ ನಾಲ್ಕು ವರ್ಷ ಹತ್ತಿಳಿದರೂ ಆ ಮೆಟ್ಟಿಲು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಪುಸ್ತಕವನ್ನು ಹೊರಗೆ ಒಯ್ಯಕೂಡದು ಎಂದು ಅದರ ರಟ್ಟಿನ ಮೇಲೆಯೇ ಬರೆದಿದೆ. ಅದನ್ನು ಕಂಕುಳಲ್ಲಿ ಅವುಚಿಕೊಂಡು ಇಳಿದೆ.

ಫ್ಯಾನಣ್ಣ ಬೀದಿಬದಿಯಲ್ಲಿ ಕುರ್ಚಿ ನಿಲ್ಲಿಸಿಕೊಂಡು, ಬೆವರೊರೆಸಿಕೊಳ್ಳುತ್ತಿದ್ದ. ಮೂರು ಮೈಲಿ ತಾನೇ ತಳ್ಳಿಕೊಂಡು ಬಂದಿದ್ದ. ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಸಿ ಸಹಿ ಮಾಡಿದ.

"ನಿಮ್ಮ ಈ ಕಚೇರಿ ಕಟ್ಟಡದ ಬಗ್ಗೇನೂ ಯಾವಾಗಾದ್ರೂ ಜನರನ್ನ ಪ್ರಶ್ನೆ ಕೇಳೋಕೆ ಕರೀತೀರಾ?" ಎಂದ, ಪುಸ್ತಕ ಹಿಂದಿರುಗಿಸುತ್ತ. "ಕರೆದ್ರೆ ಹೇಳಪ್ಪ. ನಮ್ ಪುಟ್ಟಿ ಟೇಪು ತಗೊಂಡು ಬರ್ತಾಳೆ."