ಅರ್ಧಂಬರ್ಧನ ಲಿಫ್ಟು

ನನ್ನ ಮೈದುನನಿಗೆ ಮನೆಯಲ್ಲಿ ಅರ್ಧಂಬರ್ಧ ಎಂದೇ ಹೆಸರು. ಇಟ್ಟವಳು ನಾನೇ, ಅದರಲ್ಲಿ ನನಗೆ ಯಾವ ಸಂಕೋಚವೂ ಇಲ್ಲ. ಬೇಕಾದರೆ ನಮ್ಮ ಅಡುಗೆಮನೆಗೆ ಬಂದು ನೋಡಿ: ಮೂರು ಗೋಡೆ ತಿಳಿನೀಲಿ, ನಾಲ್ಕನೆಯದು ಮೊದಲಿನ ಹಳದಿ. ಬಣ್ಣ ಬಳಿಯುವುದೇ ಕಸುಬಾದ ಮನುಷ್ಯ "ನಾಳೆ ಮಾಡ್ತೀನಿ ಅತ್ತಿಗೆ" ಎಂದು ಬ್ರಷ್ಷು ಕೆಳಗಿಟ್ಟವನು ಮತ್ತೆ ಎತ್ತಲಿಲ್ಲ. ಅವನೇ ಮಾಡಿದ ಕಪಾಟಿಗೆ ಬಾಗಿಲಿಲ್ಲ, ಕುರ್ಚಿಗೆ ಒಂದೇ ಕೈ. ಶುರು ಮಾಡುವಾಗ ಅವನ ಹುಮ್ಮಸ್ಸು ನೋಡಬೇಕು, ಆಕಾಶಕ್ಕೇ ಏಣಿ ಹಾಕುತ್ತಾನೆ. ಅರ್ಧ ಆಗುವಷ್ಟರಲ್ಲಿ ಮನಸ್ಸು ಇನ್ನೊಂದರ ಮೇಲೆ ಹೋಗಿರುತ್ತದೆ.

ಕಳೆದ ವರ್ಷ ನಿಜವಾದ ಏಣಿಯಿಂದಲೇ ಬಿದ್ದ. ಮೂಳೆ ಕೂಡಿಕೊಂಡಿತು, ಮೊಣಕಾಲು ಮಾತ್ರ ಮಡಚುವುದಿಲ್ಲ. ಏಣಿ ಹತ್ತಲಾಗದ ಬಣ್ಣದವನನ್ನು ಯಾರು ಕರೆಯುತ್ತಾರೆ? ದಿನವಿಡೀ ಕಿಟಕಿಯ ಪಕ್ಕ ಸುಮ್ಮನೆ ಕೂತಿರುತ್ತಿದ್ದ. ನಾನು ಎಷ್ಟು ಕಾಲೆಳೆದರೂ ನಗುತ್ತಿರಲಿಲ್ಲ.

ನಮ್ಮ ಬೀದಿಯ ತುದಿಯ ಗ್ರಂಥಾಲಯದಲ್ಲಿ ಮಕ್ಕಳಿಗೆಂದು ಒಂದು ಆಟದ ಕೋಣೆ ತೆರೆಯುವವರಿದ್ದರು. ಅದನ್ನು ನೋಡಿಕೊಳ್ಳಲು ಒಬ್ಬರು ಬೇಕು, ಕೂತು ಮಾಡುವ ಕೆಲಸ ಎಂದು ಕಿವಿಗೆ ಬಿದ್ದದ್ದೇ ತಡ, ನಾನು ಹೋಗಿ ಗ್ರಂಥಪಾಲಕಿಯ ಮುಂದೆ ಮೈದುನನನ್ನು ಹೊಗಳಿ ಅಟ್ಟಕ್ಕೇರಿಸಿದೆ. ಆಕೆ ಎಲ್ಲ ಕೇಳಿಸಿಕೊಂಡು ನಕ್ಕರು. ಅವರ ಮನೆಯ ಕಾಂಪೌಂಡಿನ ಬಣ್ಣವೂ ಅರ್ಧಕ್ಕೇ ನಿಂತಿದೆ ಎಂಬುದು ನನಗೆ ಆಗ ನೆನಪಾಯಿತು.

ಆದರೂ ಒಂದು ಚೀಲದ ತುಂಬ ಆಟಿಕೆ ಸಾಮಾನು ಕೊಟ್ಟು ಕಳಿಸಿದರು. ಒಂದಕ್ಕೊಂದು ಸಿಕ್ಕಿಸಿ ಏನು ಬೇಕಾದರೂ ಕಟ್ಟಬಹುದಾದ ತುಂಡುಗಳು: ಪಟ್ಟಿಗಳು, ಹಲ್ಲಿನ ಚಕ್ರಗಳು, ಸರಪಳಿಯ ಕೊಂಡಿಗಳು, ಒಂದು ಪುಟ್ಟ ಮೋಟಾರು.

"ಮಕ್ಕಳು ಬಾಯಿ ಬಿಟ್ಕೊಂಡು ನೋಡೋ ಅಂಥದ್ದು ಏನಾದ್ರೂ ಕಟ್ಲಿ," ಎಂದರು. "ಆದ್ರೆ ಪೂರ್ತಿ ಕಟ್ಬೇಕು. ಕೋಣೆ ತೆರೆಯೋ ದಿನ ಅದು ಸಂಜೆವರೆಗೂ ಓಡಿದ್ರೆ ಕೆಲಸ ಅವರದೇ."

ಚೀಲ ಸುರಿದದ್ದೇ ಮೈದುನನ ಕಣ್ಣು ಅರಳಿತು. "ಚೆಂಡು ಹತ್ತೋ ಲಿಫ್ಟು ಮಾಡ್ತೀನಿ ಅತ್ತಿಗೆ! ಮೋಟಾರು ಸರಪಳಿ ತಿರುಗಿಸುತ್ತೆ, ಸರಪಳೀಲಿ ಬಟ್ಟಲುಗಳು, ಬಟ್ಟಲಲ್ಲಿ ಚೆಂಡು. ಮೇಲೆ ಹೋಗಿ ಜಾರುಬಂಡೇಲಿ ಇಳಿದು ಮತ್ತೆ ಹತ್ತೋಕೆ ಬರುತ್ತೆ."

ಊಟದ ಮೇಜು ಅವನ ಪಾಲಾಯಿತು, ನಾವು ನೆಲದ ಮೇಲೆ ಕೂತು ಉಂಡೆವು. ತುಂಡುಗಳನ್ನು ಮೊದಲು ಬಣ್ಣಕ್ಕೆ ತಕ್ಕಂತೆ ಬೇರೆ ಮಾಡಿದ. ಬುದ್ಧಿ ಎಲ್ಲಿ ಹೋಗುತ್ತದೆ! ನನ್ನ ಎದೆಯೆತ್ತರದ ಕೆಂಪು ಗೋಪುರ ಎದ್ದಿತು. ತುದಿಯಲ್ಲೊಂದು ಚಕ್ರ, ಬುಡದಲ್ಲೊಂದು ಚಕ್ರ, ನಡುವೆ ಸರಪಳಿ. ಗುಂಡಿ ಒತ್ತಿದ. ಚೆಂಡು ಬಟ್ಟಲಲ್ಲಿ ಕೂತು ಜಂಬದಿಂದ ಹೊರಟಿತು. ಸರಿಯಾಗಿ ಅರ್ಧ ಹತ್ತಿತು. ಅಲ್ಲಿ ಸರಪಳಿ ತೂಗಾಡಿ ಬಟ್ಟಲು ಓರೆಯಾಯಿತು, ಚೆಂಡು ಟಪ್ಪೆಂದು ಬಿದ್ದು ಒಲೆಯ ಕೆಳಗೆ ಸೇರಿತು. ಎರಡನೆಯ ಚೆಂಡೂ ಅರ್ಧಕ್ಕೇ ಬಿತ್ತು, ಮೂರನೆಯದೂ ಅಷ್ಟೇ.

"ಹೆಸರಿಗೆ ತಕ್ಕ ಲಿಫ್ಟು ಬಿಡು," ಎಂದು ನನ್ನ ಗಂಡ ನಕ್ಕರು. ನಾನು ಕಣ್ಣು ಕೆಕ್ಕರಿಸಿದ ಮೇಲೆ ಬಾಯಿ ಮುಚ್ಚಿಕೊಂಡರು.

ಏನೇನೋ ಬದಲಿಸಿ ನೋಡಿದ. ಬಟ್ಟಲು ದೊಡ್ಡದು ಮಾಡಿದ, ಸರಪಳಿ ಬಿಗಿ ಮಾಡಿದ. ಬಿಗಿ ಮಾಡಿದರೆ ಮೋಟಾರು ಮುಲುಗುತ್ತಿತ್ತು, ಸಡಿಲ ಬಿಟ್ಟರೆ ಚೆಂಡು ಬೀಳುತ್ತಿತ್ತು. ಕೋಣೆ ತೆರೆಯುವ ಹಿಂದಿನ ದಿನ ಬೆಳಿಗ್ಗೆ ಕೈ ಒರೆಸಿಕೊಂಡು, "ಇದು ಬೇಡ ಅತ್ತಿಗೆ. ಗಾಳಿಯಂತ್ರ ಮಾಡೋಣ, ಸುಲಭ," ಎಂದ. ಆ ಮುಖ ನನಗೆ ಚೆನ್ನಾಗಿ ಗೊತ್ತು. ಹಳದಿ ಗೋಡೆಯನ್ನು ಬಿಟ್ಟು ಹೋದ ದಿನವೂ ಅದೇ ಮುಖವಿತ್ತು.

ನನಗೆ ಪಿತ್ತ ನೆತ್ತಿಗೇರಿತು. "ಒಂದು ತುಂಡು ಕಿತ್ತೆ ಅಂದ್ರೆ ಆ ಇನ್ನೊಂದು ಕಾಲು ನಾನೇ ಮುರೀತೀನಿ!" ಎಂದು ಕೂಗಿ, ಒದ್ದೆ ಬಟ್ಟೆಯ ಬಕೆಟ್ಟು ಎತ್ತಿಕೊಂಡು ಹಿತ್ತಲಿಗೆ ಹೋದೆ. ದಪ್ಪ ಹೊದಿಕೆ ಹಾಕುತ್ತಲೇ ಹಗ್ಗ ಜೋತುಬಿದ್ದು ಅದರ ಅಂಚು ಮಣ್ಣಿಗೆ ತಾಗತೊಡಗಿತು.

"ಆ ಕೋಲು ತಗೊಂಡ್ಬಾರೋ!"

ಕುಂಟುತ್ತ ಬಂದ. ಹಗ್ಗದ ನಡುವಿಗೆ ಕೋಲು ಕೊಟ್ಟು ಎತ್ತಿ ನಿಲ್ಲಿಸಿದ. ಹೊದಿಕೆ ನೆಲ ಬಿಟ್ಟಿತು. ಅವನು ಮಾತ್ರ ಕೋಲು ಬಿಡದೆ ಹಗ್ಗವನ್ನೇ ನೋಡುತ್ತ ನಿಂತ.

"ಅತ್ತಿಗೆ, ಎರಡು ತುದೀಲೂ ಗಟ್ಟಿಯಾಗೇ ಇದೆ. ನಡುಮಧ್ಯೆ ಹಿಡ್ಕೊಳ್ಳೋಕೆ ಏನೂ ಇಲ್ಲ, ಅದಕ್ಕೇ ಬೀಳ್ತಿದೆ!"

"ಲಿಫ್ಟಿನ ಮಾತೋ, ನಿನ್ನ ಮಾತೋ?" ಎಂದೆ.

ಅವನು ನಕ್ಕುಬಿಟ್ಟ. ಏಣಿಯಿಂದ ಬಿದ್ದ ಮೇಲೆ ಮೊದಲ ಸಲ ನಕ್ಕದ್ದು. ಬಕೆಟ್ಟು ಅಲ್ಲೇ ಬಿಟ್ಟು ಅವನ ಹಿಂದೆ ಒಳಗೆ ಓಡಿದೆ.

ಗೋಪುರದ ನಡುವೆ ಉದ್ದನೆಯ ಪಟ್ಟಿಗಳನ್ನು ಸಿಕ್ಕಿಸಿ, ಸರಪಳಿ ಅವುಗಳ ಸಂದಿಯಲ್ಲೇ ನೇರವಾಗಿ ಏರುವಂತೆ ಮಾಡಿದ. ನಾನು ಎದುರಿಗೇ ಕುರ್ಚಿ ಹಾಕಿಕೊಂಡು ಕೂತೆ, ಅವನನ್ನು ಎದ್ದು ಹೋಗಲು ಬಿಡಲಿಲ್ಲ. ಗುಂಡಿ ಒತ್ತಿದ. ಚೆಂಡು ಅರ್ಧಕ್ಕೆ ಬಂತು. ನಾನು ಉಸಿರು ಬಿಗಿಹಿಡಿದೆ. ಅರ್ಧ ದಾಟಿತು! ತುದಿ ಮುಟ್ಟಿತು, ಗಲಗಲನೆ ಜಾರಿ ಕೆಳಗಿಳಿದು ಮತ್ತೆ ಬಟ್ಟಲಿಗೆ ಕೂತಿತು. ನಾನು ಕಿರುಚಿದ ರಭಸಕ್ಕೆ ನನ್ನ ಗಂಡ ಅರ್ಧ ಗಡ್ಡ ಬೋಳಿಸಿ, ಇನ್ನರ್ಧ ಕೆನ್ನೆಯ ನೊರೆಯೊಂದಿಗೆ ಬಚ್ಚಲಿಂದ ಓಡಿಬಂದರು. ನಾವಿಬ್ಬರೂ ಅವರ ಮುಖ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಮರುದಿನ ಆಟದ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಕ್ಕಳು ಗೋಪುರದ ಸುತ್ತ ಮುತ್ತಿಕೊಂಡು ಪ್ರತಿ ಚೆಂಡಿಗೂ "ಹೋಯ್ತು, ಹೋಯ್ತು!" ಎಂದು ಕೂಗುತ್ತಿದ್ದರು. ಮೈದುನ ಪಕ್ಕದಲ್ಲಿ ಕಾಲು ಚಾಚಿ ಕೂತು ಅವರ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟ. ಲಿಫ್ಟು ಒಂದು ಸಲವೂ ನಿಲ್ಲಲಿಲ್ಲ.

ಸಂಜೆ ಮಕ್ಕಳೆಲ್ಲ ಹೋದ ಮೇಲೆ ಅವನು ಕೆಳಗೆ ಬಂದ ಚೆಂಡುಗಳನ್ನು ಡಬ್ಬಿಗೆ ತುಂಬಿದ. ಇನ್ನೊಂದೇ ಒಂದು ಹತ್ತುತ್ತಿತ್ತು. ಗ್ರಂಥಪಾಲಕಿ ಗುಂಡಿಗೆ ಕೈ ಹಾಕಿದರು.

"ಸ್ವಲ್ಪ ತಡೀರಿ ಮೇಡಂ," ಎಂದು ಮೈದುನ ಗಾಬರಿಯಿಂದ ಕೈ ಅಡ್ಡ ಹಿಡಿದ. "ಅದು ಮೇಲೆ ಹೋಗ್ಲಿ. ಯಾವುದನ್ನೂ ಅರ್ಧಕ್ಕೆ ಬಿಡಬಾರ್ದು."

ಪಕ್ಕದಲ್ಲಿದ್ದ ನನ್ನ ಗಂಡ ನನ್ನ ಮುಖ ನೋಡಿದರು. ನಗಬೇಕೆಂದು ಬಾಯಿ ತೆರೆದೆ, ಕಣ್ಣಲ್ಲಿ ನೀರು ಬಂದುಬಿಟ್ಟಿತು.

ಗ್ರಂಥಪಾಲಕಿ ಕೈ ಹಿಂದಕ್ಕೆ ತೆಗೆದುಕೊಂಡು, ಕೋಣೆಯ ಬೀಗದ ಕೈಯನ್ನು ಅವನ ಮುಂದಿಟ್ಟರು. "ಹಾಗಾದ್ರೆ ಅದು ಇಳಿದ ಮೇಲೆ ನೀವೇ ಬೀಗ ಹಾಕ್ಕೊಂಡು ಹೊರಡಿ. ನಾಳೆ ಬೆಳಿಗ್ಗೆ ತೆರೆಯೋರೂ ನೀವೇ."

ಚೆಂಡು ತುದಿ ಮುಟ್ಟಿ ಜಾರಿತು. ಮೈದುನ ಅದನ್ನು ಹಿಡಿದು ಡಬ್ಬಿಗೆ ಹಾಕಿ, ಗುಂಡಿ ಒತ್ತಿ ಮೋಟಾರು ನಿಲ್ಲಿಸಿ, ನನ್ನ ಕಡೆ ತಿರುಗಿದ.

"ಅತ್ತಿಗೆ, ಆ ಹಳದಿ ಗೋಡೆ... ಕೆಳಗಿನದು ನಾನು ಬಳೀತೀನಿ. ಮೇಲಿನದಕ್ಕೆ ನೀವು ಏಣಿ ಹತ್ತಬೇಕು."