ಅಣ್ಣನ ಬಣ್ಣ

ಅಣ್ಣ ಟಿಂಕರ್, ತಮ್ಮ ಪೇಂಟರ್. ನೆಗ್ಗಿದ ಕಾರಿನ ಬಾಗಿಲನ್ನು ಅಣ್ಣ ಸುತ್ತಿಗೆಯಿಂದ ತಟ್ಟಿ ಸಮ ಮಾಡಿದ ಮೇಲೆ ತಮ್ಮ ಪುಟ್ಟಿ ಹಚ್ಚಿ, ಉಜ್ಜಿ, ಹಳೆ ಬಣ್ಣ ಎಲ್ಲಿ ಮುಗಿದು ಹೊಸದು ಎಲ್ಲಿ ಶುರುವಾಯಿತೆಂದು ತಿಳಿಯದ ಹಾಗೆ ಸ್ಪ್ರೇ ಹೊಡೆಯುತ್ತಿದ್ದ. "ಏಟು ನಂದು, ಸುಳ್ಳು ಇವನದು" ಎಂದು ಅಣ್ಣ ಗಿರಾಕಿಗಳ ಮುಂದೆ ತಮಾಷೆ ಮಾಡುತ್ತಿದ್ದ. ಇಬ್ಬರ ಮುಖವೂ ಒಂದೇ ಅಚ್ಚು, ಅದೇ ಗದ್ದ, ಅದೇ ಕೂಡುಹುಬ್ಬು. ಅಣ್ಣ ಮಾತ್ರ ತಂದೆಯ ಹಾಗೆ ಕಡುಗಪ್ಪು, ತಮ್ಮ ತಾಯಿಯ ಹಾಗೆ ಬಿಳುಪು.

ಒಂದು ಮಧ್ಯಾಹ್ನ ಊಟ ಮುಗಿಸಿ ಸುತ್ತಿಗೆ ಹಿಡಿದು ಕಾರಿನ ಪಕ್ಕ ಕುಕ್ಕರುಗಾಲಲ್ಲಿ ಕುಳಿತ ಅಣ್ಣ ಹಾಗೆಯೇ ಬಾಗಿಲಿಗೆ ಒರಗಿದ. ಪರದೆಯ ಆಚೆ ಮುಖವಾಡ ತೊಟ್ಟು ಸ್ಪ್ರೇ ಹೊಡೆಯುತ್ತಿದ್ದ ಪೇಂಟರಿಗೆ ಕಂಪ್ರೆಸರಿನ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಹೊರಗೆ ಬಂದಾಗ ಸುತ್ತಿಗೆ ಇನ್ನೂ ಅಣ್ಣನ ಕೈಯಲ್ಲೇ ಇತ್ತು, ಕೈ ಮಾತ್ರ ತಣ್ಣಗಾಗಿತ್ತು. ಅತ್ತಿಗೆ ಆ ದಿನ ತವರಿನಲ್ಲಿದ್ದಳು. ಅವಳು ಬರುವ ಹೊತ್ತಿಗೆ ಎಲ್ಲವೂ ಆಗಿಹೋಗಿತ್ತು.

ಪೇಂಟರ್ ಮದುವೆಯಾಗದೆ ನಲವತ್ತು ದಾಟಿದವನು. ಅಣ್ಣನ ಮನೆಯ ಮುಂದಿನ ಕೋಣೆಯಲ್ಲೇ ಅವನ ವಾಸ. ಅಣ್ಣ ಹೋದ ಮೇಲೂ ಅಲ್ಲೇ ಇದ್ದ, ಅಣ್ಣನ ಮಗಳ ಕಾಲೇಜು, ಮನೆಯ ಸಾಮಾನು ಎಲ್ಲವನ್ನೂ ನೋಡಿಕೊಂಡ. ಅತ್ತಿಗೆ ಹೊಲಿಗೆ ಯಂತ್ರದ ಮುಂದೆ ಕುಳಿತು ಊರವರ ಪ್ಯಾಂಟುಗಳ ಉದ್ದ ಕಡಿಮೆ ಮಾಡಿಕೊಡುತ್ತಿದ್ದಳು. ಒಂದು ಸಂಜೆ ಯಂತ್ರ ನಿಲ್ಲಿಸಿ, ಬಟ್ಟೆಯಿಂದ ಕಣ್ಣು ತೆಗೆಯದೆ ಹೇಳಿದಳು:

"ಜನ ಮಾತಾಡ್ತಿದಾರೆ. ಬೇರೆ ಹೋಗೋದಾದ್ರೆ ಹೋಗು. ಇರೋದಾದ್ರೆ ಸರಿಯಾಗಿ ಇರು."

"ಸರಿಯಾಗಿ ಅಂದ್ರೆ, ಅತ್ತಿಗೆ?"

"ಮೊದಲು ಆ ಅತ್ತಿಗೆ ಅನ್ನೋದನ್ನ ಬಿಡಬೇಕಾಗತ್ತೆ."

ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯ ಸಹಿ ಹಾಕಿ ಬಂದರು. ಹಾಸಿಗೆ ಮುಂದಿನ ಕೋಣೆಯಿಂದ ಒಳಕೋಣೆಗೆ ಹೋಯಿತು. ಆದರೆ ನಾಲಿಗೆಯ ಮೇಲಿನ ಅತ್ತಿಗೆ ಹೋಗಲಿಲ್ಲ. ಅವನು ಅವಳನ್ನು "ನೀವು" ಎನ್ನುತ್ತಲೇ ಇದ್ದ, ಅವಳು ಅವನನ್ನು "ನೀನು" ಎನ್ನುತ್ತಲೇ ಇದ್ದಳು. ಮಗಳಿಗೂ ಅವನು ಚಿಕ್ಕಪ್ಪನಾಗಿಯೇ ಉಳಿದ.

ಒಳಕೋಣೆಯಲ್ಲಿ ಅವನ ದೇಹ ಮಾತು ಕೇಳಲಿಲ್ಲ. ಆಸೆ ಇರಲಿಲ್ಲವೆಂದಲ್ಲ. ಕೈ ಚಾಚುವಷ್ಟರಲ್ಲಿ ತಲೆಯೊಳಗೆ ಟಕ್ ಟಕ್ ಎಂದು ತಗಡಿಗೆ ಸುತ್ತಿಗೆ ಬೀಳುವ ಸದ್ದು ಶುರುವಾಗುತ್ತಿತ್ತು, ಮೈ ತಣ್ಣಗಾಗಿಬಿಡುತ್ತಿತ್ತು. "ಇರಲಿ ಬಿಡು, ಮಲಕ್ಕೋ" ಎಂದು ಅವಳು ಬೆನ್ನು ತಟ್ಟಿದರೆ ಅವನಿಗೆ ಸತ್ತುಹೋಗಬೇಕೆನಿಸುತ್ತಿತ್ತು. ಹುಷಾರಿಲ್ಲದ ಮೈದುನನನ್ನು ಸಮಾಧಾನ ಮಾಡುವ ಕೈ ಅದು.

ಆಸ್ಪತ್ರೆಯ ಡಾಕ್ಟರಮ್ಮ ಸಂಕೋಚಪಡದೆ ಎಲ್ಲವನ್ನೂ ಕೇಳಿದರು. ಅವನು ಎದೆನೋವಿಗೆ ತೆಗೆದುಕೊಳ್ಳುತ್ತಿದ್ದ ಮಾತ್ರೆಯ ಜೊತೆ ಈ ತೊಂದರೆಗೆ ಕೊಡುವ ಮಾತ್ರೆ ಸೇರಿದರೆ ಬಿಪಿ ಪಾತಾಳಕ್ಕಿಳಿಯುತ್ತದೆ, ಅದು ಬೇಡವೇ ಬೇಡ ಎಂದರು. "ಬೇರೆ ದಾರಿಗಳಿವೆ. ಮೊದಲು ಇಬ್ಬರೂ ಬಂದು ಕೌನ್ಸೆಲರ್ ಹತ್ರ ಮಾತಾಡಿ" ಎಂದರು. ಇಬ್ಬರೂ ಬಂದು ಮಾತಾಡುವುದೇನು? ಅವನು ತಲೆಯಾಡಿಸಿ ಎದ್ದುಬಂದ.

ದಾರಿ ತೋರಿಸಿದವನು ಗ್ಯಾರೇಜಿನ ಎದುರಿನ ಜಿಮ್ಮಿನ ಯಜಮಾನ, ಎಲ್ಲರ ಬಾಯಲ್ಲೂ ಡಂಬೆಲ್. ಗೀರುಬಿದ್ದ ಕಾರನ್ನು ತಂದು ನಿಲ್ಲಿಸಿ, ಮಾತಿನ ಮಧ್ಯೆ ಪೇಂಟರನ ತೊಂದರೆಯನ್ನೂ ಡಾಕ್ಟರಮ್ಮ ಮಾತ್ರೆ ಬೇಡವೆಂದದ್ದನ್ನೂ ಬಾಯಿಬಿಡಿಸಿಕೊಂಡ.

"ಮಾತ್ರೆ ಕೆಲಸ ಮಾಡೋದು ರಕ್ತನಾಳದಲ್ಲಿ. ಇದು ಪೆಪ್ಟೈಡ್, ಪ್ರೋಟೀನಿನ ಚೂರು. ನೇರ ತಲೆಗೇ ಹೋಗಿ ಆಸೆಯ ಸ್ವಿಚ್ ಹಾಕತ್ತೆ."

"ನನ್ನ ತೊಂದರೆ ಇರೋದೂ ತಲೇಲೇ" ಎಂದ ಪೇಂಟರ್.

"ಹಾಗಾದ್ರೆ ನಿಮಗೇ ಅಂತ ಮಾಡಿದ್ದು."

ಬೆರಳುದ್ದದ ಗಾಜಿನ ಸೀಸೆಯ ತಳದಲ್ಲಿ ಚಿಟಿಕೆಯಷ್ಟು ಬಿಳಿಪುಡಿ. ಅದಕ್ಕೆ ನೀರು ಬೆರೆಸಿ, ಫ್ರಿಜ್ಜಿನಲ್ಲಿಟ್ಟು, ಕೂದಲಿನಂಥ ಸೂಜಿಯಿಂದ ಹೊಟ್ಟೆಯ ಚರ್ಮಕ್ಕೆ ಚುಚ್ಚಿಕೊಳ್ಳಬೇಕು. ಸೀಸೆಯ ಚೀಟಿಯಲ್ಲಿ "ಸಂಶೋಧನೆಗೆ ಮಾತ್ರ" ಎಂದು ಅಚ್ಚಾಗಿತ್ತು. "ಅದು ಸುಮ್ನೆ ಹಾಕ್ತಾರೆ" ಎಂದ ಡಂಬೆಲ್.

ಮೊದಲ ಸಲ ಚುಚ್ಚಿಕೊಂಡಾಗ ಕಿವಿ ಬಿಸಿಯಾಯಿತು. ಗ್ಯಾರೇಜಿನ ಹಿಂದೆ ವಾಂತಿ ಮಾಡಿ ಸುಧಾರಿಸಿಕೊಳ್ಳುತ್ತಿದ್ದ ಹಾಗೆ, ಹಾಡುಹಗಲಲ್ಲಿ, ಮನಸ್ಸಿನಲ್ಲಿ ಒಂದು ಹೆಣ್ಣಿನ ನೆರಳೂ ಇಲ್ಲದಿರುವಾಗ, ದೇಹ ತಾನಾಗಿಯೇ ಎದ್ದು ನಿಂತಿತು. ಸಂತೋಷಕ್ಕಿಂತ ಮೊದಲು ಅವನಿಗೆ ಹೆದರಿಕೆಯಾಯಿತು. ಯಾರೋ ಒಳಗೆ ಹೊಕ್ಕು ದೀಪ ಹಾಕಿದ ಹಾಗಿತ್ತು.

ವಾರಗಳು ಕಳೆದವು. ಅವನು ಚುಚ್ಚಿಕೊಳ್ಳುತ್ತಲೇ ಇದ್ದ, ಆದರೆ ಹೆಂಡತಿಯ ಹತ್ತಿರ ಹೋಗುವ ಧೈರ್ಯ ಸಾಲದೆ ದಿನ ತಳ್ಳುತ್ತಿದ್ದ. ಅಷ್ಟರಲ್ಲಿ ಇನ್ನೊಂದು ಶುರುವಾಯಿತು. ಬಿಳಿ ಕಾರೊಂದಕ್ಕೆ ಬಣ್ಣ ಹೊಂದಿಸಲು ನಮೂನೆಯ ಹಲಗೆಯ ಪಕ್ಕ ಕೈಯಿಟ್ಟವನು ತನ್ನ ಕೈಯನ್ನೇ ನೋಡುತ್ತ ನಿಂತ. ಕೈ ಒಂದು ಛಾಯೆ ಕಪ್ಪಾಗಿತ್ತು. ಬಿಸಿಲಿರಬೇಕು ಎಂದುಕೊಂಡ. ಆದರೆ ಬಿಸಿಲು ಕಾಣದ ಹೊಟ್ಟೆಯೂ ಕಪ್ಪಾಗುತ್ತಿತ್ತು, ಬೆನ್ನಿನ ಮಚ್ಚೆಗಳು ಇದ್ದಿಲಿನ ಚುಕ್ಕೆಗಳಾಗುತ್ತಿದ್ದವು. "ಅದು ಅದರ ಗುಣ. ಟ್ಯಾನ್ ಆಗೋಕೆ ಅಂತಾನೇ ಕೆಲವರು ತಗೋತಾರೆ" ಎಂದು ಡಂಬೆಲ್ ನಕ್ಕ.

ಮನೆಯಲ್ಲಿ ಮೊದಲು ಗುರುತಿಸಿದವಳು ಮಗಳು. ಪುಸ್ತಕದಿಂದ ತಲೆಯೆತ್ತಿದವಳು ದಿಟ್ಟಿಸಿ ನೋಡಿದಳು.

"ಚಿಕ್ಕಪ್ಪ, ಥೇಟ್ ಅಪ್ಪನ ಹಾಗೆ ಕಾಣ್ತಿದೀಯ."

ಅಡುಗೆಮನೆಯಲ್ಲಿ ತಟ್ಟೆಗಳ ಸದ್ದು ನಿಂತಿತು.

ಮಗಳು ಗೆಳತಿಯ ಮನೆಗೆ ಹೋಗಿದ್ದ ಒಂದು ಸಂಜೆ ಅವನು ಕೆಲಸದಿಂದ ಬಂದು ಬಾಗಿಲಲ್ಲಿ ನಿಂತ. ದೀಪ ಹಚ್ಚಿರಲಿಲ್ಲ. ಯಂತ್ರದ ಮುಂದಿದ್ದವಳು ತಿರುಗಿ ನೋಡಿ "ಬಂದ್ರಾ?" ಎಂದಳು.

ಅವಳು ಎಂದೂ ಅವನನ್ನು ಹಾಗೆ ಕೇಳಿದವಳಲ್ಲ. ಹತ್ತಿರ ಬಂದು, ಬೆರಳುಗಳಿಂದ ಅವನ ಹುಬ್ಬು ಸವರಿ, ತುಂಬ ಮೆತ್ತಗೆ "ರೀ" ಎಂದಳು.

ಕರೆದದ್ದು ಯಾರನ್ನು ಎಂದು ಅವನಿಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಆದರೂ ಅವನು "ಹೂಂ" ಎಂದ. ಆ ಸಂಜೆ ತಲೆಯೊಳಗೆ ಸುತ್ತಿಗೆಯ ಸದ್ದು ಕೇಳಿಸಲಿಲ್ಲ. ದೇಹ ಎಲ್ಲಿಯೂ ತಡವರಿಸಲಿಲ್ಲ. ಆಮೇಲೆ ಅವಳು ಅವನ ತೋಳಿನ ಮೇಲೆ ಮಲಗಿ ಸಣ್ಣಗೆ ನಗುತ್ತಿದ್ದಾಗ ಅವನು ಗೋಡೆ ನೋಡುತ್ತ, ನಾನೀಗ ಎಲ್ಲಿದ್ದೇನೆ ಎಂದು ಯೋಚಿಸುತ್ತಿದ್ದ.

ಸೂಜಿಯನ್ನು ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಅವಳು ಮತ್ತೆ ಹಾಡು ಗುನುಗಲು ಶುರುಮಾಡಿದ್ದಳು, ಊಟಕ್ಕೆ ಅವನು ಬರುವವರೆಗೆ ಕಾಯುತ್ತಿದ್ದಳು. ಅಣ್ಣನ ನೀಲಿ ಅಂಗಿಯ ತೋಳು ಸರಿಮಾಡಿ ಅವನಿಗೆ ತೊಡಿಸಿದಳು. ಅವನು ತೊಟ್ಟ. ಅಣ್ಣನ ಹಾಗೆ ತಲೆ ಒಂದು ಕಡೆ ವಾಲಿಸಿ ಮಾತಾಡುವುದನ್ನು ತನಗೇ ತಿಳಿಯದೆ ಕಲಿತ. ಗಡ್ಡ ಕೆರೆಯುವಾಗ ಕನ್ನಡಿಯೊಳಗಿನವನು ತನಗಿಂತ ಒಂದು ಕ್ಷಣ ಮೊದಲೇ ಕಣ್ಣು ಮಿಟುಕಿಸಿದಂತೆ ಕಂಡು, ಗದ್ದ ಕೊಯ್ದುಕೊಂಡ.

ಕೊನೆಗೆ ಗ್ಯಾರೇಜಿನಲ್ಲೇ ತಲೆ ಸುತ್ತಿ ಬಿದ್ದ. ಪಕ್ಕದ ಅಂಗಡಿಯವರು ಆಸ್ಪತ್ರೆಗೆ ಕರೆದೊಯ್ದರು. ಬಿಪಿ ಆಕಾಶಕ್ಕೇರಿತ್ತು. ಡಾಕ್ಟರಮ್ಮ ಅವನ ಬೆನ್ನಿನ ಮಚ್ಚೆಗಳನ್ನು ನೋಡಿ, ನಿಜ ಹೇಳಿಸಿ, ಸೀಸೆ ತರಿಸಿ ನೋಡಿದರು.

"ಈ ಜಾತಿಯ ಔಷಧಿಗಳ ಮೇಲೆ ಸಂಶೋಧನೆ ನಡೀತಿದೆ, ಸುಳ್ಳಲ್ಲ. ಆದ್ರೆ ಈ ಸೀಸೇಲಿ ಏನಿದೆ, ಎಷ್ಟಿದೆ, ಯಾರಿಗೂ ಗೊತ್ತಿಲ್ಲ. ನಿಮ್ಮ ಎದೆಗೆ ಇದು ಆಗಲ್ಲ. ಒಂದು ಮಚ್ಚೆ ತೆಗೆದು ಪರೀಕ್ಷೆಗೆ ಕಳಿಸ್ಬೇಕು."

ಮಚ್ಚೆಯಲ್ಲಿ ಕೆಟ್ಟದ್ದೇನೂ ಸಿಗಲಿಲ್ಲ. ಸೂಜಿ ನಿಂತಿತು. ತಿಂಗಳುಗಟ್ಟಲೆ ಹಿಡಿದು ಬಣ್ಣ ಇಳಿಯತೊಡಗಿತು, ಮೊದಲು ಹಣೆ, ಆಮೇಲೆ ಕೆನ್ನೆ. ಅವಳು ದಿನವೂ ನೋಡುತ್ತಿದ್ದಳು. ಗುನುಗು ನಿಂತಿತು. "ರೀ" ನಿಂತಿತು. ಒಂದು ಬೆಳಿಗ್ಗೆ ಅವನಿಗೆ ಕಾಫಿ ಕೊಡಲು ಬಂದವಳು ಲೋಟ ಕೆಳಗಿಟ್ಟು, ನೆಲದ ಮೇಲೆ ಕುಳಿತು ಬಿಕ್ಕಿ ಬಿಕ್ಕಿ ಅತ್ತಳು.

"ಅವರು ಮೊದಲ ಸಲ ಹೋದಾಗ ನಾನು ಹತ್ರ ಇರಲಿಲ್ಲ" ಎಂದಳು. "ಈ ಸಲ ದಿನಾ ಸ್ವಲ್ಪ ಸ್ವಲ್ಪ ಹೋಗೋದನ್ನ ನೋಡಿದೆ."

ಅವನು ಪಕ್ಕ ಕುಳಿತ. "ನನಗೂ ಅವನು ಬೇಕಿತ್ತು" ಎಂದ. "ಅವನಿಲ್ಲದೆ ನಿಮ್ಮ ಹತ್ರ ಬರೋಕೆ ನನಗೆ ಗೊತ್ತೇ ಇಲ್ಲ."

"ನಿನಗೆ ಮೋಸ ಮಾಡಿದೆ ನಾನು."

"ನಾನು ಹೂಂ ಅಂದೆನಲ್ಲ."

ಅಣ್ಣ ಹೋದ ಮೇಲೆ ಅವನ ವಿಷಯವನ್ನು ಅವರಿಬ್ಬರೂ ಒಟ್ಟಿಗೆ ಆಡಿದ್ದು ಅದೇ ಮೊದಲು. ಕಾಫಿ ಆರಿಹೋಯಿತು.

ಆಮೇಲೆ ಇಬ್ಬರೂ ಆಸ್ಪತ್ರೆಯ ಮೇಲಿನ ಮಹಡಿಗೆ ಹೋದರು. ಕೌನ್ಸೆಲರ್ ವಯಸ್ಸಾದವರು, ಕಿಟಕಿಯ ಪಕ್ಕ ಎದುರುಬದುರು ಕೂರಿಸಿ, ಮನೆಯಲ್ಲಿ ಎಷ್ಟು ಜನ ಎಂದು ಕೇಳಿದರು.

"ನಾವಿಬ್ಬರು, ಮಗಳು. ಮೂರು" ಎಂದ ಪೇಂಟರ್.

ಅವಳು ಸೆರಗಿನ ಅಂಚು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. "ನಾಲ್ಕು" ಎಂದಳು.

ಕೌನ್ಸೆಲರ್ ಅವನ ಕಡೆ ನೋಡಿದರು. ಅವನು ಅಲ್ಲವೆನ್ನಲಿಲ್ಲ. ಕುರ್ಚಿಯನ್ನು ಸ್ವಲ್ಪ ಅವಳ ಕಡೆಗೆ ಎಳೆದುಕೊಂಡು, "ಎಲ್ಲಿಂದ ಶುರು ಮಾಡ್ಬೇಕು, ಹೇಳಿ" ಎಂದು ಕೌನ್ಸೆಲರ್ ಅವರನ್ನು ಕೇಳಿದ.